ಕಂಬಳದ ಫೈನಲಿನಲ್ಲಿ ಚಂಪಾಳ ಕಂಪ್ಯೂಟರ್

ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ ತನ್ವಿ. ಅಷ್ಟು ದೊಡ್ಡ ಪರದೆ, ನಮ್ಮ ಕೋಣಗಳ ಮೂತಿ ಕಾಣಬೇಕಾದಲ್ಲಿ ಬರೀ ನೀಲಿ! ನಿಲ್ಲು, ಹೀಗೆ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಚಂಪಾಳಿಂದ ಶುರು ಮಾಡುತ್ತೇನೆ, ನೀನು ಟೈಪ್ ಮಾಡು.

ಚಂಪಾ ಹೂಡೆಯ ಮೀನುಗಾರರ ಮನೆಯ ಹುಡುಗಿ. ಮದುವೆಯಾಗಿ ನಮ್ಮ ಬಜಗೋಳಿಗೆ, ನಮ್ಮ ನೆರೆಮನೆಗೇ ಬಂದಾಗ ಕೋಣವೆಂದರೆ ಅವಳಿಗೆ ಹೆದರಿಕೆ. ನಮ್ಮ ಕೋಣಗಳ ಹಟ್ಟಿಯ ಮುಂದೆ ಹೋಗುವಾಗ ಕೊಡೆ ಅಡ್ಡ ಹಿಡಿಯುತ್ತಿದ್ದಳು, ಬಿಸಿಲೂ ಇಲ್ಲ ಮಳೆಯೂ ಇಲ್ಲ! ಆದರೆ ಅವಳ ಕೈಯ ಬಂಗುಡೆ ಸಾರು ಉಂಟಲ್ಲ, ಅದಿರಲಿ. ಉಡುಪಿಯಲ್ಲಿ ಕಂಪ್ಯೂಟರ್ ರಿಪೇರಿ ಕಲಿತಿದ್ದಳು. ಪೇಟೆಯಲ್ಲಿ ಅಂಗಡಿ ಹಾಕಿದಾಗ "ಹೆಂಗಸು ಎಂತ ರಿಪೇರಿ ಮಾಡುವುದು" ಎಂದವರೇ ಆಮೇಲೆ ಕಂಪ್ಯೂಟರ್ ಹೊತ್ತುಕೊಂಡು ಅವಳ ಬಾಗಿಲಲ್ಲಿ ನಿಂತರು. ಬಾಯಿ ಸ್ವಲ್ಪ ಜೋರು. "ಮನೆಯಲ್ಲಿ ಸಿಕ್ಕಿದ ರ‍್ಯಾಮನ್ನೆಲ್ಲ ಒಳಗೆ ತುರುಕಬೇಡಿ ಮಾರಾಯ್ರೆ, ಅದೆಂತ ಗೋಣಿಚೀಲವಾ?" ಎಂದು ಗಿರಾಕಿಗಳಿಗೇ ಬೈಯುತ್ತಿದ್ದಳು. ರ‍್ಯಾಮ್ ಎಂದರೆ ಬಾಚಣಿಗೆಯಷ್ಟು ಉದ್ದದ ಪಟ್ಟಿ. ಕಂಪ್ಯೂಟರ್ ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ ಅದು, ಅಡುಗೆಕಟ್ಟೆ ಇದ್ದ ಹಾಗೆ. ಅವಳೇ ನನಗೆ ಹೇಳಿದ್ದು.

ಅಂಥವಳನ್ನು ಕಂಬಳದವರು ಕರೆದರು. ಕೆಸರಿನ ಎರಡು ಕರೆಗಳಲ್ಲಿ, ಅಂದರೆ ಓಟದ ಗದ್ದೆಗಳಲ್ಲಿ, ಎರಡು ಜೋಡಿ ಕೋಣಗಳು ಓಡಿ ಬಂದು ಹತ್ತುವ ದಿಬ್ಬ ಉಂಟಲ್ಲ, ಮಂಜೊಟ್ಟಿ, ಅಲ್ಲಿ ಯಾವ ಜೋಡಿ ಮೊದಲು ಎಂದು ಕ್ಯಾಮೆರಾದಲ್ಲಿ ಹಿಡಿದು ಪರದೆಯ ಮೇಲೆ ತೋರಿಸುವುದು ಅವಳ ಕೆಲಸ. ಮೊದಲೆಲ್ಲ ಮಂಜೊಟ್ಟಿಯಲ್ಲಿ ಜಗಳವೋ ಜಗಳ. ನಿನ್ನ ಅಜ್ಜ ಒಮ್ಮೆ ಅಂಗಿ ಹರಿದುಕೊಂಡು ಬಂದಿದ್ದರು, ಅದೂ ಹೊಸ ಅಂಗಿ. ಚಂಪಾ ಬಂದ ಮೇಲೆ ಎಲ್ಲರ ಬಾಯಿ ಮುಚ್ಚಿತು. ಅವಳ ಪರದೆ ತೋರಿಸಿದ್ದೇ ತೀರ್ಪು.

ಈ ಸಲ ಕಂಬಳ ಸಮಿತಿಯವರು ದೊಡ್ಡ ಕ್ಯಾಮೆರಾ ತಂದರು. ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಚಂಪಾ ಎಂತ ಮಾಡಿದಳು? ಅಂಗಡಿಯ ಹಳೇ ಕಂಪ್ಯೂಟರಿನಿಂದ ಒಂದು ರ‍್ಯಾಮ್ ಪಟ್ಟಿ ಕಿತ್ತು ಇದರಲ್ಲಿದ್ದ ಪಟ್ಟಿಯ ಪಕ್ಕ ಸಿಕ್ಕಿಸಿದಳು. ಅವಳೇ! ಕಂಪನಿ ಬೇರೆ, ವೇಗ ಬೇರೆ. ಅಂಗಡಿಯಲ್ಲಿ ಚೆನ್ನಾಗಿ ಓಡಿತಂತೆ. ಕಂಬಳದಲ್ಲೂ ಓಡಿತು. ಫೈನಲಿಗೆ ಇನ್ನೊಂದು ಕ್ಯಾಮೆರಾವನ್ನೂ ಜೋಡಿಸಿದರು ನೋಡು, ಅಲ್ಲಿ ಕೆಟ್ಟಿತು.

ಆಗ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಕರೆಯಲ್ಲಿ ಅಜೆಕಾರಿನವರ ಕೋಣಗಳು, ಇನ್ನೊಂದರಲ್ಲಿ ನಮ್ಮವು. ನಿನ್ನ ಅಪ್ಪ ವಿಠಲ ಮಂಜೊಟ್ಟಿಯ ಹತ್ತಿರ ಬರಿಗಾಲಲ್ಲಿ ನಿಂತು ಬೆವರುತ್ತಿದ್ದ. ಬಂದವು, ಕೆಸರು ಎದ್ದಿತು, ಎರಡೂ ಜೋಡಿ ಒಟ್ಟಿಗೆ! ಎಲ್ಲರೂ ಪರದೆಗೆ ತಿರುಗಿದರು. ನೀಲಿ. ಅದರ ಮೇಲೆ ಎಂತದೋ ಇಂಗ್ಲಿಷ್. ಡೋಲಿನವನು ಎತ್ತಿದ ಕೋಲನ್ನು ಇಳಿಸಲಿಲ್ಲ. ಕಂಪ್ಯೂಟರ್ ತಾನಾಗಿ ಆರಿ ಮತ್ತೆ ಹೊತ್ತಿತು, ಆದರೆ ಆ ಓಟದ ವಿಡಿಯೋ ತೆರೆಯಲೇ ಇಲ್ಲ.

"ನೆರೆಮನೆಯ ಕೋಣ ಸೋತಿತು ಅಂತ ಅಳಿಸಿಬಿಟ್ಟಳು!" ಅಜೆಕಾರಿನ ಕೋಣದ ಯಜಮಾನರೇ ಕೂಗಿದರು. ವಿಠಲ ಅವಳ ಹತ್ತಿರ ಓಡಿದ.

"ಚಂಪಾ, ನಮ್ಮದು ಮೊದಲು ಬಂತು ಅಂತ ಹೇಳು. ಸಮಿತಿಯವರು ನಿನ್ನ ಮಾತು ತೆಗೆದುಹಾಕುವುದಿಲ್ಲ."

"ನಾನು ಪರದೆ ನೋಡ್ತಾ ಇದ್ದೆ ವಿಠಲಣ್ಣ. ನನಗೆ ಕಂಡದ್ದು ನೀಲಿ."

ಮೈಕ್ ಕೇಳಿ ತೆಗೆದುಕೊಂಡಳು. "ಯಾರು ಮೊದಲು ಬಂದದ್ದು ಅಂತ ನನಗೆ ಗೊತ್ತಿಲ್ಲ" ಎಂದಳು. ಅಷ್ಟು ಸಾವಿರ ಜನರ ಮುಂದೆ! ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಎರಡೂ ಪಟ್ಟಿಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. "ಇವೆರಡು ಒಂದಕ್ಕೊಂದು ಹೊಂದುವುದಿಲ್ಲ. ಸಣ್ಣ ಕೆಲಸಕ್ಕೆ ನಡೀತದೆ, ಭಾರ ಬಿದ್ದರೆ ಕೈಕೊಡ್ತದೆ. ಗೊತ್ತಿದ್ದೂ ಹಾಕಿದವಳು ನಾನು."

"ಕುಂಟುವ ಕೋಣಕ್ಕೆ ಓಡುವ ಕೋಣವನ್ನು ನಾನು ಕಟ್ಟಿದ್ದರೆ ನೀನೇ ಹಲ್ಲು ಕಿಸೀತಿದ್ದೆ!" ಎಂದ ವಿಠಲ.

"ಹೌದು ವಿಠಲಣ್ಣ, ಕಿಸೀತಿದ್ದೆ."

ಮತ್ತೆ ಓಡಿಸಿ ಎಂದರು ಸಮಿತಿಯವರು. ಚಂಪಾ ಹಳೇ ಪಟ್ಟಿಯನ್ನು ಹೊರಗಿಟ್ಟು, ಒಂದೇ ಕ್ಯಾಮೆರಾ ಜೋಡಿಸಿ ಕೂತಳು. ಈ ಸಲ ವಿಡಿಯೋ ಸರಿಯಾಗಿ ಬಂತು. ಬಂದು ಎಂತ ಮಾಡುವುದು? ನಮ್ಮವು ಬಳಲಿದ್ದವು ಪಾಪ, ಒಂದು ಕೋಣದುದ್ದ ಹಿಂದೆ. ಪರದೆಯೇ ಬೇಕಾಗಲಿಲ್ಲ. ಸಮಿತಿಯವರು ಚಂಪಾಳಿಗೆ ಮುಂದಿನ ಸಲ ಬರುವುದು ಬೇಡ ಎಂದುಬಿಟ್ಟರು. ವಿಠಲ ಅವಳ ಮುಖ ನೋಡಲಿಲ್ಲ.

ಸಂಜೆ ನಾನೇ ಅವಳ ಅಂಗಡಿಗೆ ಹೋದೆ. "ಅಲ್ಲ ಮಾರಾಯ್ತಿ, ಒಂದು ಮಾತು ಹೇಳಿದ್ದರೆ ನಿನ್ನ ಕೆಲಸವೂ ಉಳಿಯುತ್ತಿತ್ತು, ನಮ್ಮ ಕೋಣವೂ ಗೆಲ್ಲುತ್ತಿತ್ತು."

"ಮತ್ತೆ ನನ್ನ ಪರದೆಯನ್ನು ಯಾರು ನಂಬ್ತಾರೆ ದೊಡ್ಡಮ್ಮ? ನೀವು ನಂಬ್ತೀರಾ?"

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಕಾಪು ಕಡೆಯ ಕಂಬಳದವರು. ಚಂಪಾ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ನಮ್ಮಲ್ಲಿಗೆ ನೀವೇ ಬರಬೇಕು. ನೀವಿದ್ದರೆ ಮಾತ್ರ ಕೋಣ ಇಳಿಸುವುದಂತೆ, ಅಜೆಕಾರಿನವರು ಹಟ ಹಿಡಿದಿದ್ದಾರೆ."

ಮಧ್ಯಾಹ್ನ ಅವಳನ್ನು ಬೈದವರೇ! ಚಂಪಾ ಏನು ಹೇಳಿದಳು ಗೊತ್ತುಂಟಾ? "ಬರ್ತೇನೆ. ಆದರೆ ಒಂದೇ ಪ್ಯಾಕೆಟಿನ ಎರಡು ಹೊಸ ರ‍್ಯಾಮ್ ತರಿಸಿಕೊಡಿ."

ಮನೆಗೆ ಬಂದು ವಿಠಲನಿಗೆ ಹೇಳಿದೆ. ಗಂಜಿಯ ಬಟ್ಟಲಿಗೆ ಕೈ ಹಾಕಿದವನು ಉಪ್ಪಿನಕಾಯಿ ಬಡಿಸು ಎಂದ. ಮತ್ತೆ ನನ್ನ ಕಡೆ ನೋಡದೆಯೇ ಹೇಳಿದ: "ಕಾಪುವಿಗೆ ನಮ್ಮ ಕೋಣವೂ ಹೋಗ್ತದೆ ಅಮ್ಮ. ಅವಳಿಗೆ ಹೇಳಿಬಿಡು."