ಪುಸ್ತಕದಲ್ಲಿ ಇಲ್ಲದ ಖಾನಾವಳಿ

ವಾಡಿ ಸ್ಟೇಷನ್ನಿನ ಎದುರು ನಾನು ಖಾನಾವಳಿ ನಡೆಸುತ್ತಿದ್ದಾಗ ಹೈದರಾಬಾದಿನಿಂದ ಒಬ್ಬ ಪ್ರೊಫೆಸರರು ಬಂದರು. ಸಣ್ಣ ಅಂಗಡಿಗಳ ಮೇಲೆ ಸರ್ಕಾರ ತೆರಿಗೆ ಹಾಕಿದರೆ ಜನ ತಾಳಬಲ್ಲರೇ ಎಂಬುದು ಅವರ ಸಂಶೋಧನೆ. ಹೆದರಿದ ನಮ್ಮ ಓಣಿಯವರೆಲ್ಲ ಒಂದೇ ಮಾತು ಹೇಳಿದರು: "ವ್ಯಾಪಾರ ಎಲ್ಲದರಿ ಸಾಹೇಬ್ರ, ಗಂಜಿಗೂ ಗತಿ ಇಲ್ಲ."

ನನ್ನ ಸರದಿ ಬಂದಾಗ ಪಕ್ಕದ ಪಾನ್ ಅಂಗಡಿಯ ಶಂಕ್ರಪ್ಪ ಕಣ್ಣು ಮಿಟುಕಿಸಿದ. ಆದರೆ ರೊಟ್ಟಿ ಬಡಿದು ಕಟ್ಟಿದ ಖಾನಾವಳಿಯನ್ನು ದರಿದ್ರವೆನ್ನಲು ನನಗೆ ನಾಲಿಗೆ ಏಳಲಿಲ್ಲ. "ಭಾಳ ಛಲೋ ನಡದದರಿ. ಈ ಮಾಳಗಿ ನಾನೇ ಕಟ್ಟಸೀನಿ, ನೋಡ್ರಿ" ಎಂದೆ.

"ತೆರಿಗಿ ಬಂದ್ರ ನಿನ್ನಿಂದನ ಬರ್ತದ" ಎಂದು ಶಂಕ್ರಪ್ಪ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ.

ಮರುವರ್ಷ ಪ್ರೊಫೆಸರರು ಉರ್ದುವಿನಲ್ಲಿ ಅಚ್ಚಾದ ಪುಸ್ತಕ ಹಿಡಿದು ಊಟಕ್ಕೆ ಬಂದರು. ತೆರಿಗೆ ಬೇಡವೆಂದೇ ಬರೆದಿದ್ದರು. ಸ್ಟೇಷನ್ ಬೋರ್ಡು ನೋಡಿ ನಾನಾಗಿಯೇ ಕಲಿತ ಉರ್ದುವಿನಲ್ಲಿ ವಾಡಿಯ ಪುಟಗಳನ್ನೆಲ್ಲ ತಡಕಿದೆ. ನನ್ನ ಮಾತು ಎಲ್ಲೂ ಇರಲಿಲ್ಲ.

"ಎಲ್ಲಾರೂ ಒಂದು ಹೇಳಿ ಒಬ್ಬರೇ ಬ್ಯಾರೆ ಹೇಳಿದ್ರ, ಆ ಒಂದು ಬಿಟ್ಟುಬಿಡ್ತೀವ್ರಿ, ಅಕ್ಕಾರ. ಅದು ನಮ್ಮ ಪದ್ಧತಿ" ಎಂದರು.

ಶಂಕ್ರಪ್ಪನ ಬಾಯಿ ಅಂದೇ ಬಿಚ್ಚಿತು: "ಸುಳ್ಳು ಹೇಳಿದವ್ರೆಲ್ಲ ಪುಸ್ತಕದಾಗ ಅದೀವಿ ಅಕ್ಕಾ, ನೀ ಒಬ್ಬಾಕಿನೇ ಇಲ್ಲ!"

ಓದಿದವರೆಂದು ಹೋದ ಸಲ ಅವರಿಂದ ಊಟದ ದುಡ್ಡು ತೆಗೆದುಕೊಂಡಿರಲಿಲ್ಲ. ಈ ಸಲ ಬಿಡಲಿಲ್ಲ.