ಎದುರುಮನೆ ಅಜ್ಜಿಯ ಊಟ

ಮೊನ್ನೆ ಬೆಳಿಗ್ಗೆ ಚಟ್ನಿಗೆಂದು ಹುಚ್ಚೆಳ್ಳು ಹುರಿಯುತ್ತಿದ್ದೆ. ಚಟಪಟ ಸಿಡಿದು ಘಮ್ಮೆಂದಿತು ನೋಡಿ, ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಮಳವಳ್ಳಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಜ್ಜಿಯ ನೆನಪು ಬಂತು. ಮುದ್ದೆಗೆ ಹುಚ್ಚೆಳ್ಳು ಚಟ್ನಿಯಿದ್ದರೆ ಆ ಅಜ್ಜಿಗೆ ಬೇರೇನೂ ಬೇಡ...

ಅಜ್ಜಿಗೆ ನೂರು ತುಂಬಿದೆ ಎಂದು ಕೆಲವರು, ಇನ್ನೂ ಇಲ್ಲ ಎಂದು ಕೆಲವರು. ಕೋಳಿ ಕೂಗುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕುತ್ತಿತ್ತು. ಹಿತ್ತಲ ಸೊಪ್ಪು, ಹುರುಳಿಕಾಳಿನ ಸಾರು, ನೀರುಮಜ್ಜಿಗೆ, ಹೊತ್ತಿಗೊಂದು ಮುದ್ದೆ. ಕಾಫಿ ಕುಡಿದದ್ದನ್ನು ನಾನಂತೂ ಕಾಣೆ. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. "ಮುದ್ದೆಗ್ಯಾಕವ್ವ ಅಲ್ಲು? ನುಂಗದು ತಾನೆ" ಎಂದು ನಗುತ್ತಿತ್ತು.

ಆತಗೂರಿನಿಂದ ಸೊಸೆಯಾಗಿ ಬಂದ ನನಗೆ ಹೆಣ್ಣುಮಗುವಾದಾಗ, ದಿನಾ ಎಣ್ಣೆ ಹಚ್ಚಿ ನೀರೆರೆದದ್ದು ಆ ಅಜ್ಜಿಯೇ. ಆ ಕೈಗಳನ್ನು ಹೆತ್ತ ತಾಯಿಯ ಕೈಯಷ್ಟೇ ನಂಬಿದ್ದೆ.

ಅಜ್ಜಿಯ ಮೂವರು ಗಂಡುಮಕ್ಕಳೂ ಮೊದಲೇ ತೀರಿಹೋಗಿದ್ದರು. ಆ ವರ್ಷ, ಜೊತೆಗಿದ್ದ ಒಬ್ಬನೇ ಮೊಮ್ಮಗನೂ ಮದ್ದೂರಿನ ಹತ್ತಿರ ಬೈಕಿನಿಂದ ಬಿದ್ದು ಹೋಗಿಬಿಟ್ಟ. ಸಾವಿನ ಮನೆಯಿಂದ ಬಂದ ನನ್ನ ಅತ್ತೆ ಕಾಲು ತೊಳೆಯುತ್ತಾ ಅಂದರು: "ಆ ಮುದ್ಕಿ ಮಕ್ಳ ಆಯಸ್ಸು ತಿನ್ಕಂಡು ಬದುಕವ್ಳೆ ಕಣಮ್ಮಿ. ಮಗೀನ ಅವಳ ಕೈಗೆ ಕೊಡ್ಬ್ಯಾಡ."

ಡಿಗ್ರಿ ಓದಿದವಳು ನಾನು. ಕೇಳಿ ಸುಮ್ಮನಾಗಬೇಕಿತ್ತು. ಆದರೆ ಮೂರೇ ದಿನಕ್ಕೆ ಮಗುವಿಗೆ ಜ್ವರ ಬಂತು, ಮೈ ಕಾದ ಕಾವಲಿಯ ಹಾಗೆ ಸುಡುತ್ತಿತ್ತು. ಮಂಡ್ಯಕ್ಕೆ ಎತ್ತಿಕೊಂಡು ಓಡಿದೆವು. ಡಾಕ್ಟರು ಹೆದರಬೇಡಿ ಎಂದರು. ಜ್ವರ ಬಿಟ್ಟ ಮೇಲೂ ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಿ ಎಂದಿನಂತೆ ಬಂದು ಮಗುವಿಗೆ ಕೈ ಚಾಚಿತು. ನಾನು ಮಗುವನ್ನು ಅವುಚಿಕೊಂಡು ಹಿಂದೆ ಸರಿದೆ.

ಅಜ್ಜಿ ನನ್ನ ಮುಖವನ್ನೇ ನೋಡಿತು. "ನೀನೂ ಅಂಗೇ ಅಂದ್ಕಂಡ್ಯಾ?... ಬುಡು, ನಂಗೂ ಅದೇ ದಿಗಿಲು ಕಣವ್ವ" ಎಂದು ಹೊರಟುಹೋಯಿತು.

ಅವತ್ತಿನಿಂದ ಅಜ್ಜಿ ಒಲೆ ಹಚ್ಚಲಿಲ್ಲ. ಎರಡು ದಿನ ನೋಡಿ, ತಡೆಯಲಾರದೆ ತಟ್ಟೆಯಲ್ಲಿ ಮುದ್ದೆ, ಸಾರು ಹಾಕಿಕೊಂಡು ಹೋದೆ. ಅಜ್ಜಿ ಗೋಡೆಗೆ ಒರಗಿ ಕೂತಿತ್ತು.

"ತಕ್ಕಂಡೋಗವ್ವ. ನಾನುಂಡಷ್ಟೂ ಯಾರ್ದೋ ಆಯಸ್ಸು ಕಮ್ಮಿ ಆಯ್ತದೆ. ನಿನ್ ಕೂಸು ಬಾಳ್ಲಿ."

ಬಲವಂತ ಮಾಡಬಹುದಿತ್ತು. ಪಕ್ಕದಲ್ಲಿ ಕೂತು ತುತ್ತು ಮುರಿದು ಬಾಯಿಗಿಡಬಹುದಿತ್ತು. ನಾನು ತಟ್ಟೆಯನ್ನು ವಾಪಸ್ಸು ತಂದೆ. ಒಳಗೊಳಗೇ ನನಗೂ ಅದೇ ಬೇಕಾಗಿತ್ತೇನೋ... ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೇ ಹೆದರಿಕೆಯಾಗುತ್ತದೆ. ತಿಂಗಳು ತುಂಬುವುದರೊಳಗೆ ಅಜ್ಜಿ ಹೋಯಿತು. ಪುಣ್ಯವಂತೆ, ತುಂಬು ಆಯಸ್ಸು ಎಂದರು ಬಂದವರೆಲ್ಲ. ಆಮೇಲೆ ಎಷ್ಟೋ ದಿನ ಬೀದಿ ಬಾಗಿಲು ತೆರೆಯಲು ನನಗೆ ಧೈರ್ಯ ಸಾಲುತ್ತಿರಲಿಲ್ಲ.

ಆ ಮಗು ಈಗ ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬಹಳ ವರ್ಷ ಬದುಕಿದವರ ಊಟದ ಬಗ್ಗೆ ಬರೆದು ತನ್ನಿ ಎಂದಿದ್ದಾರಂತೆ ಕಾಲೇಜಿನಲ್ಲಿ. ನಿನ್ನೆ ಫೋನು ಮಾಡಿ, "ಅಮ್ಮ, ನಂಗೆ ನೀರು ಹಾಕ್ತಿದ್ರಲ್ಲ ಆ ಅಜ್ಜಿ, ಏನು ತಿಂತಿದ್ರು?" ಎಂದು ಕೇಳಿದಳು. ಗೊತ್ತಿದ್ದದ್ದನ್ನೆಲ್ಲ ನಿಧಾನವಾಗಿ ಹೇಳಿದೆ.

"ಸರಿ. ಕೊನೇಲಿ ಏನಾಗಿ ಹೋದ್ರಮ್ಮ?"



"ವಯಸ್ಸಾಗಿತ್ತು ಕಣೇ" ಎಂದೆ.

ಅದನ್ನೂ ಬರೆದುಕೊಂಡಳು.