ಫೋಟೋ ಇಟ್ಟ ದಿನದ ಪಾಯಸ

ಹಸಿದ ಮಕ್ಕಳಿಗೆ ಊಟ ಹಾಕುವುದು ಪುಣ್ಯದ ಕೆಲಸ ಎಂದು ನನಗೆ ಹೇಳಿದವರಲ್ಲಿ ಒಬ್ಬರೂ ಊಟವಾದ ಮೇಲೆ ನೆಲ ಒರೆಸಲು ನಿಂತವರಲ್ಲ. ನಾನು ನಿಂತಿದ್ದೇನೆ. ಹಾಗಾಗಿ ಪುಣ್ಯದ ವಿಷಯ ನನಗೆ ಗೊತ್ತಿಲ್ಲ, ಸೊಂಟನೋವಿನ ವಿಷಯ ಚೆನ್ನಾಗಿ ಗೊತ್ತು.

ಐವತ್ತರ ದಶಕದಲ್ಲಿ ಬೈಕುಲ್ಲಾದ ಒಂದು ಕನ್ನಡ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ. ಮನೆ ಮುಲುಂಡ್‌ನಲ್ಲಿ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಂತು ಬರುವುದು, ಸಂಜೆ ನಿಂತು ಹೋಗುವುದು, ನಡುವೆ ಪಾಠ ಮಾಡುತ್ತಾ ನಿಲ್ಲುವುದು. ನನ್ನ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ವಿಜಾಪುರ, ಕಲಬುರ್ಗಿ ಕಡೆಯವರು. ಅಪ್ಪಂದಿರು ಬಟ್ಟೆ ಗಿರಣಿಯಲ್ಲಿ, ಅಮ್ಮಂದಿರು ತರಕಾರಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸದಲ್ಲಿ. ಶಾಲೆ ಬಿಟ್ಟ ಮೇಲೂ ಕತ್ತಲಾಗುವವರೆಗೆ ಮನೆಗೆ ಬೀಗ. ಮಕ್ಕಳು ಚಾಳಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದವು. ಬೆಳಿಗ್ಗೆ ತಿಂದ ರೊಟ್ಟಿ ಎಷ್ಟು ಹೊತ್ತು ತಡೆದೀತು? ಮಧ್ಯಾಹ್ನ ಮಗ್ಗಿ ಹೇಳಿಸುವಾಗ ಒಂದೊಂದೇ ದನಿ ನಿಂತುಹೋಗುತ್ತಿತ್ತು. ಅದನ್ನು ಕೇಳಿ ಕೇಳಿ ಸಾಕಾಗಿ ಎದುರು ಗಲ್ಲಿಯ ಹೋಟೆಲಿನ ಯಜಮಾನರ ಹತ್ತಿರ ಹೋದೆ. ಅವರು ಉಡುಪಿ ಕಡೆಯವರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ನನ್ನ ಮಾತೆಲ್ಲ ಕೇಳಿದರು.

"ಹಿಂದಿನ ಕೋಣೆ ಕೊಡ್ತೇನೆ, ಅಡಿಗೆಯವನನ್ನೂ ಕೊಡ್ತೇನೆ. ಅಕ್ಕಿಬೇಳೆಗೆ ಜನ ನೀವು ನೋಡ್ಬೇಕು ಟೀಚರೇ. ನಾನೊಬ್ಬ ಎಷ್ಟೂಂತ ಮಾಡ್ಲಿ ಮಾರಾಯ್ರೆ?"

ಜನ ನೋಡಿದೆ. ಮೈಸೂರು, ಬೆಂಗಳೂರು ಕಡೆಯಿಂದ ಬಂದು ಆಫೀಸುಗಳಲ್ಲಿ ಕೆಲಸ ಮಾಡುತ್ತಿದ್ದ ನಮ್ಮವರ ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ಕಾಫಿ ಕೊಟ್ಟರು, ಒಪ್ಪಿಯೂ ಒಪ್ಪಿದರು. "ನಮ್ಮ ತಂದೆಯವರ ತಿಥಿಯ ದಿನ ನಮ್ಮದಿರಲಿ" ಎಂದರು. "ನಮ್ಮತ್ತೆ ಹೋದ ದಿನ ನಮಗೇ ಬಿಟ್ಟುಬಿಡಿ" ಎಂದರು. ಬದುಕಿರುವವರ ಹೆಸರಿನಲ್ಲಿ ಅನ್ನ ಹಾಕಬಹುದೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಅನ್ನದಾನವೆಂದರೆ ಹಾಗೆಯೇ ನಡೆದುಕೊಂಡು ಬಂದದ್ದು.

ಶಾಲೆ ಬಿಟ್ಟ ಕೂಡಲೇ ಹೋಟೆಲಿನ ಹಿಂದಿನ ಕೋಣೆಯಲ್ಲಿ ಊಟ ಶುರುವಾಯಿತು. ಮಾಮೂಲಿ ದಿನಗಳಲ್ಲಿ ಅನ್ನ, ಸಾರು. ತಿಥಿಯ ದಿನ ಆ ಮನೆಯವರು ತೀರಿಹೋದವರ ಫೋಟೋ ತಂದು ಸ್ಟೂಲಿನ ಮೇಲಿಟ್ಟು ಹಾರ ಹಾಕಿ, ಮಕ್ಕಳಿಂದ ಕೈ ಮುಗಿಸುತ್ತಿದ್ದರು. ಅವತ್ತು ಪಾಯಸ. ಮಕ್ಕಳು ಇದನ್ನು ಮಗ್ಗಿಗಿಂತ ಬೇಗ ಕಲಿತವು. ಶಾಲೆ ಬಿಡುವ ಗಂಟೆ ಹೊಡೆದದ್ದೇ ತಡ, ನನ್ನ ಸೆರಗು ಹಿಡಿದು, "ಅಕ್ಕೋರ, ಇವತ್ತ ಯಾರ ಸತ್ತಾರ್ರೀ?" ಎಂದು ಆಸೆಯಿಂದ ಕೇಳುತ್ತಿದ್ದವು. ಯಾರೂ ಇಲ್ಲ ಎಂದರೆ ಮುಖ ಸಪ್ಪೆ. ನನಗೆ ನಗು ಬರುತ್ತಿತ್ತು. ದಿನವಿಡೀ ನಗಲು ಬೇರೇನೂ ಸಿಗುತ್ತಿರಲಿಲ್ಲ.

ಮೂರನೇ ಇಯತ್ತೆಯಲ್ಲಿ ಕಡ್ಡಿಯಂಥ ಹುಡುಗಿ ಒಬ್ಬಳಿದ್ದಳು. ಪಾಯಸವೆಂದರೆ ಪ್ರಾಣ. ತಟ್ಟೆ ನೆಕ್ಕಿ, ಬೆರಳು ನೆಕ್ಕಿ, ಪಕ್ಕದವಳ ತಟ್ಟೆ ನೋಡುತ್ತಾ ಕೂತಿರುತ್ತಿದ್ದಳು. ಒಂದು ರಾತ್ರಿ ಅವಳು ಮನೆಯಲ್ಲಿ ಅಪ್ಪನನ್ನು ಕೇಳಿದಳಂತೆ: "ಅಪ್ಪಾ, ನೀ ಯಾವಾಗ ಸಾಯ್ತಿ? ನೀ ಸತ್ತರ ನಮ್ಮ ಸಾಲ್ಯಾಗ ಎಲ್ಲಾರಿಗೂ ಪಾಯಸಾ ಹಾಕ್ತಾರ."

ಮಾರನೆಯ ದಿನ ಅವಳ ತಾಯಿ ಕೆಲಸ ಬಿಟ್ಟು ಶಾಲೆಗೇ ಬಂದಳು. ಸೆರಗಿನ ತುಂಬ ಈರುಳ್ಳಿ ಸಿಪ್ಪೆ.

"ಏನ ಉಣಸಾಕತ್ತೀರಿ ಅಕ್ಕೋರ ನಮ್ಮ ಹುಡುಗರಿಗೆ? ಸತ್ತವರ ಕೂಳ? ನಾವಿನ್ನೂ ಗಟ್ಟಿ ಅದೀವಿ. ನನ್ನ ಗಂಡ ದುಡದು ಹಾಕ್ತಾನ. ನಮ್ಮ ಮಕ್ಕಳು ಪಿಂಡಾ ತಿನ್ನೋ ಕಾಗಿ ಏನ್ರೀ?"

ಅವಳು ಚಾಳಿನಲ್ಲಿ ಮನೆಮನೆಗೆ ಹೋಗಿ ಹೇಳಿದಳೆಂದು ಕಾಣುತ್ತದೆ, ಅವತ್ತು ಸಂಜೆ ಅರ್ಧ ಸಾಲು ಖಾಲಿ. ಬಾರದ ಮಕ್ಕಳು ಗಲ್ಲಿಯ ಆ ಕಡೆ ನಿಂತು ಒಗ್ಗರಣೆಯ ವಾಸನೆ ಕುಡಿಯುತ್ತಿದ್ದವು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಆ ತಾಯಿಯ ಮೇಲೆ, ದಾನಿಗಳ ಮೇಲೆ, ಗೋಡೆಯ ಮೇಲೆ ನೇತಾಡುವುದನ್ನು ಬಿಟ್ಟು ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದ ಆ ಫೋಟೋಗಳ ಮೇಲೆ. ಇನ್ನು ಮುಂದೆ ಫೋಟೋ ಬೇಡ, ಹಾರ ಬೇಡ, ಯಾರ ಹೆಸರೂ ಹೇಳುವುದು ಬೇಡ ಎಂದು ಯಜಮಾನರಿಗೆ ಹೇಳಿದೆ.

"ಅದರಲ್ಲಿ ತಪ್ಪೆಂತ ಉಂಟು ಟೀಚರೇ? ಹಿರಿಯರ ಹೆಸರಿನ ಅನ್ನ ಅಲ್ವಾ?"

"ಅವರ ಹಿರಿಯರು. ಈ ಮಕ್ಕಳಿಗೆ ಯಾರು?" ಎಂದೆ.

ಹೆಸರಿಲ್ಲದ ಮೇಲೆ ಅನ್ನವನ್ನಾದರೂ ಯಾಕೆ ಕೊಡಬೇಕು? ಒಬ್ಬೊಬ್ಬರೇ ಜಾರಿಕೊಂಡರು. ಪಾಯಸ ನಿಂತಿತು, ಸಾರು ತೆಳ್ಳಗಾಯಿತು, ನಾನು ಮತ್ತೆ ಮೆಟ್ಟಿಲು ಹತ್ತಿ ಇಳಿದೆ. ಈ ಸಲ ಕಾಫಿಯೂ ಸಿಗಲಿಲ್ಲ. ಮಕ್ಕಳು ಮಾತ್ರ ತಿರುಗಿ ಬಂದವು. ಆ ಹುಡುಗಿಯೂ ಬಂದಳು.

ಮರುವರ್ಷ ಮಳೆಗಾಲದಲ್ಲಿ ಅವಳ ಅಪ್ಪ ಸತ್ತ. ಜ್ವರವೆಂದು ಮಲಗಿದವನು ಏಳಲಿಲ್ಲ.

ಕೆಲವು ದಿನ ಬಿಟ್ಟು ಹುಡುಗಿ ಶಾಲೆಗೆ ಬಂದಳು, ಸಾಲಿನಲ್ಲಿ ಕೂತು ಅನ್ನ ಉಂಡಳು. ಮಕ್ಕಳು ಬೇಗ ಮರೆಯುತ್ತವೆ ಎಂದುಕೊಂಡೆ. ಕೃಷ್ಣಾಷ್ಟಮಿಯ ದಿನ ಯಜಮಾನರು ತಾವಾಗಿಯೇ ಪಾಯಸ ಮಾಡಿಸಿದ್ದರು. ನಾನು ಬಡಿಸುತ್ತಾ ಬಂದಾಗ ಅವಳು ತಟ್ಟೆಗೆ ಅಡ್ಡಲಾಗಿ ಎರಡೂ ಕೈ ಇಟ್ಟಳು. "ಬ್ಯಾಡ್ರಿ" ಎಂದಳು. ಹೊಟ್ಟೆ ಸರಿಯಿಲ್ಲವೇನೋ ಎಂದು ಮುಂದೆ ಹೋದೆ. ಬಡಿಸುವವರಿಗೆ ಒಂದೊಂದು ಮುಖ ನೋಡುತ್ತಾ ನಿಲ್ಲಲು ಪುರುಸೊತ್ತೆಲ್ಲಿ? ದಸರೆಯಲ್ಲಿ ಸಿಹಿ ಸಜ್ಜಿಗೆಗೂ ಹಾಗೆಯೇ ಕೈ ಅಡ್ಡ ಇಟ್ಟಳು.

ದೀಪಾವಳಿ ಕಳೆದ ಮೇಲೆ ತಾಯಿ ಬಂದಳು. ಈ ಸಲ ಜಗಳಕ್ಕಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದ ಶ್ಯಾವಿಗೆಯನ್ನೂ ಬೆಲ್ಲವನ್ನೂ ನನ್ನ ಮೇಜಿನ ಮೇಲೆ ಬಿಚ್ಚಿದಳು.

"ತಾ ಪಾಯಸಾ ಬೇಡಿದ್ದಕ್ಕ ಅಪ್ಪ ಸತ್ತಾನಂತ ತಿಳಕೊಂಡೈತ್ರೀ ಅದು. ಮನ್ಯಾಗ ಬೆಲ್ಲಾ ಸೈತ ಮುಟ್ಟಂಗಿಲ್ಲ. ಬೈದೆ, ಹೊಡದೆ, ಕೇಳವಲ್ದು. ಒಂದಿನ ಪಾಯಸಾ ಮಾಡ್ರಿ ಅಕ್ಕೋರ. ಹಬ್ಬ ಬ್ಯಾಡ, ತಿಥಿ ಬ್ಯಾಡ. ಯಾರೂ ಸತ್ತಿರಬಾರದು ಅವತ್ತ. ಉಂಡರ ಯಾರಿಗೂ ಏನೂ ಆಗಂಗಿಲ್ಲಂತ ಅದರ ಕಣ್ಣಿಗೆ ಕಾಣಲಿ."

ಎಂಟು ವರ್ಷದ ಮಗು ಇದನ್ನು ಹೊತ್ತುಕೊಂಡು ನನ್ನ ಮುಂದೆಯೇ ದಿನಾ ಕೂತು ಉಂಡು ಹೋಗುತ್ತಿತ್ತು.

ಒಂದು ಮಂಗಳವಾರ ಮಾಡಿಸಿದೆವು. ಮಕ್ಕಳು ವಾಸನೆ ಹಿಡಿದು ಹಳೆಯ ಅಭ್ಯಾಸದಲ್ಲಿ, "ಯಾರ ಸತ್ತಾರ್ರೀ?" ಎಂದವು. "ಯಾರೂ ಸತ್ತಿಲ್ಲ, ಸುಮ್ಮನೆ ಕೂತು ಉಣ್ಣಿ!" ಎಂದು ರೇಗಿದೆ. ಹುಡುಗಿಯ ಹತ್ತಿರ ಬಂದಾಗ ಅವಳ ಎರಡೂ ಕೈ ಆಗಲೇ ತಟ್ಟೆಯ ಮೇಲಿದ್ದವು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ಸೌಟು ಹಿಡಿದು ಪೆದ್ದಿಯ ಹಾಗೆ ನಿಂತುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ತಾಯಿ ಒಳಗೆ ಬಂದು, ಮಕ್ಕಳನ್ನು ಸರಿಸಿ, ಮಗಳ ಪಕ್ಕ ನೆಲಕ್ಕೆ ಕೂತಳು. ತಟ್ಟೆ ಇರಲಿಲ್ಲ, ಬೊಗಸೆ ಒಡ್ಡಿದಳು.

"ಮೊದಲ ನನಗ ಹಾಕ್ರಿ."

ಹಾಕಿದೆ. ಬಿಸಿ ಇತ್ತು. ಅವಳು ಊದಲೂ ಇಲ್ಲ, ಬೊಗಸೆ ಎತ್ತಿ ಅಷ್ಟನ್ನೂ ಕುಡಿದಳು. ಮಗಳ ಕಡೆ ತಿರುಗಿ ಬಾಯಿ ಒರೆಸಿಕೊಂಡಳು.

"ನೋಡು. ಗಟ್ಟಿ ಅದೀನಿಲ್ಲ?"

ಹುಡುಗಿ ನೋಡಿದಳು. ಬಹಳ ಹೊತ್ತು ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಒಂದು ಕೈ ತೆಗೆದಳು, ಇನ್ನೊಂದು ಕೈ ತೆಗೆದಳು. ಬಡಿಸಿದೆ. ಒಂದೊಂದು ತುತ್ತಿಗೂ ತಲೆಯೆತ್ತಿ ಅಮ್ಮ ಕೂತಿದ್ದಾಳೆಯೇ ಎಂದು ನೋಡಿಕೊಳ್ಳುತ್ತಾ ಉಂಡಳು. ತಟ್ಟೆ ಬರಿದಾದಾಗ ಅದನ್ನು ನನ್ನ ಕಡೆ ಚಾಚಿದಳು.

"ಅಕ್ಕೋರ, ಇನ್ನೊಂದೀಟ ಹಾಕ್ರಿ."

ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ. ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಸೌಟಿನಿಂದ ತಳವನ್ನು ಕೆರೆಯುತ್ತಲೇ ಇದ್ದೆ.